ಹಲ್ಲಿಗೆ ಮದ್ದು, ರಕ್ತಕ್ಕೆ ವೈರಿ

ಹುಳುಕು ಹಲ್ಲಿನ ಬೇರನ್ನು ಶುದ್ಧಗೊಳಿಸಲು ದಂತವೈದ್ಯರು ಬಳಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವು ನಮ್ಮ ಹೋಟೆಲ್ ಬಂಧುಗಳಿಗೆ ಅಪರಿಚಿತವಾದುದಲ್ಲ. ನೆಲ ತೊಳೆಯುವ, ಬಟ್ಟೆಯ ಕಲೆ ತೆಗೆಯುವ ದ್ರವರೂಪದ ಬ್ಲೀಚಿನಲ್ಲಿರುವುದೂ ಸಾಮಾನ್ಯವಾಗಿ ಅದೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಶೇಕಡಾ 0.5ರಷ್ಟಕ್ಕೆ ತಿಳಿಗೊಳಿಸಿ ಸೈನಿಕರ ಗಾಯ ತೊಳೆಯಲು ಬಳಕೆಗೆ ತಂದನು. ಹಲ್ಲಿನ ಬೇರಿಗೆ ಇಂದು ಸಾಮಾನ್ಯವಾಗಿ ಶೇಕಡಾ 0.5ರಿಂದ 5.25ರವರೆಗಿನ ದ್ರಾವಣವನ್ನು ಬಳಸುತ್ತಾರೆ.

ರೋಗಾಣುಗಳನ್ನು ಕೊಂದು, ಕೊಳೆತ ಮಾಂಸತಂತುವನ್ನೂ ಕರಗಿಸುವುದು ಇದರ ಹಿರಿಮೆ. ಆದರೆ ಸತ್ತುದಾವುದು, ಬದುಕಿರುವುದಾವುದು ಎಂಬ ವಿವೇಕ ಈ ದ್ರವಕ್ಕಿಲ್ಲ. ರಕ್ತಕ್ಕೆ ತಗುಲಿದರೆ ಕೆಂಪು ಕಣಗಳ ಪೊರೆ ಒಡೆದು ಒಳಗಿನ ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ. 1985ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶೇಕಡಾ 5.25ರ ದ್ರಾವಣವನ್ನು ಸಾವಿರ ಪಾಲು ತಿಳಿಗೊಳಿಸಿದ ಮೇಲೂ ಪ್ರಯೋಗಶಾಲೆಯ ಕೆಂಪು ಕಣಗಳೆಲ್ಲ ಒಡೆದುವು. ಚಿಕಿತ್ಸೆಯ ವೇಳೆ ಒತ್ತಡದಿಂದ ಹಾಯಿಸಿದ ದ್ರವವು ಬೇರಿನ ತುದಿಯನ್ನು ದಾಟಿದರೆ ತಾಳಲಾರದ ನೋವು, ಮುಖದ ಬಾವು, ಚರ್ಮದಡಿಯ ರಕ್ತಸ್ರಾವ ಉಂಟಾಗುತ್ತವೆ.

ಹಾಗೆಂದು ಈ ಚಿಕಿತ್ಸೆಗೆ ಯಾರೂ ಅಂಜಬೇಕಾಗಿಲ್ಲ. ಹಲ್ಲಿನ ಸುತ್ತ ರಬ್ಬರ್ ಹಾಳೆ ಹೊದಿಸಿ, ಪಕ್ಕದಲ್ಲಿ ರಂಧ್ರವಿರುವ ಸೂಜಿಯಿಂದ ನಿಧಾನವಾಗಿ ತೊಳೆಯುವ ವೈದ್ಯರಲ್ಲಿ ಇಂಥ ಅನಾಹುತ ವಿರಳ. ಮದ್ದು ಹಿಡಿದ ಕೈ ಬಲ್ಲವರದಾಗಿರಬೇಕು, ಅಷ್ಟೆ. ದಂತವೈದ್ಯರ ನೋಂದಣಿಗೆ ನಮ್ಮ ದೇಶದಲ್ಲಿ 1948ರಲ್ಲಿಯೇ ಕಾಯಿದೆ ಬಂದಿತು. ಆದರೂ ಹಲ್ಲುನೋವಿನಿಂದ ಕಂಗೆಟ್ಟ ಬಡವನು ಅರ್ಹತೆಯಿಲ್ಲದವನ ಮುಂದೆ ಬಾಯಿ ತೆರೆಯುವುದು ನಿಂತಿಲ್ಲ. ಹೋಟೆಲಿನಲ್ಲಿರುವ ಬ್ಲೀಚನ್ನೇ ನೀರಿಗೆ ಬೆರೆಸಿ ಬಾಯಿ ಮುಕ್ಕಳಿಸುವ ಸಾಹಸವನ್ನಂತೂ ಯಾರೂ ಮಾಡಕೂಡದು.

ಇದರಲ್ಲಿ ಮಾಲಿಕರ ಹೊಣೆಯೂ ಉಂಟು. ಮುಂಬಯಿಯ ನಾಯರ್ ಆಸ್ಪತ್ರೆಯ ದಂತ ಕಾಲೇಜಿನಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಕಡಿಮೆ ವೆಚ್ಚದ ಚಿಕಿತ್ಸೆ ದೊರೆಯುತ್ತದೆ. ಆದರೆ ಅದು ಹಗಲು ಹೊತ್ತಿನಲ್ಲಿ. ಮುಂಜಾನೆಯಿಂದ ಗಲ್ಲೆಯಲ್ಲೋ ಅಡಿಗೆಮನೆಯಲ್ಲೋ ನಿಲ್ಲುವ ಹುಡುಗನಿಗೆ, ಕಚೇರಿಯ ಗುಮಾಸ್ತನಿಗೆ ಆ ಹೊತ್ತು ಬಿಡುವೆಲ್ಲಿ? ಅರ್ಧ ದಿನದ ಸಂಬಳ ಕಡಿತವಾದೀತೆಂಬ ಭಯದಿಂದಲೇ ಅವನು ನೋವು ನುಂಗುತ್ತಾನೆ. ಕೊನೆಗೆ ರಾತ್ರಿ ಸಿಕ್ಕಿದವನ ಬಳಿಗೆ ಓಡುತ್ತಾನೆ. ಹಲ್ಲುನೋವಿಗೆ ಸಂಬಳಸಹಿತ ಅರ್ಧ ದಿನದ ರಜೆ ಕೊಡುವುದು ಮಾಲಿಕರಿಗೆ ದೊಡ್ಡ ನಷ್ಟವಲ್ಲ. ನಮ್ಮ ಹೋಟೆಲ್ ಮಾಲಿಕರ ಸಂಘಗಳೂ ಕನ್ನಡ ಸಂಘಗಳೂ ಈ ಸಣ್ಣ ಸುಧಾರಣೆಗೆ ಮುಂದಾಗಬೇಕೆಂದು ನಾವು ಆಗ್ರಹಪಡಿಸುತ್ತೇವೆ.