ಹೆಸರಿಗೆ ಅರ್ಥವಿರಲಿ, ಸಂಖ್ಯೆಗೆ ಬೇಡ

ಬೈಲಹೊಂಗಲ, ಸವದತ್ತಿಗಳ ಕಡೆಯ ಎರೆಹೊಲಗಳಿಗೆ ಎರಡು ಗುರುತುಗಳುಂಟು. ಮನೆಯವರ ಬಾಯಲ್ಲಿ ಅದು ‘ಹುಣಸಿಮರದ ಹೊಲ’; ಉತಾರದಲ್ಲಿ ಒಂದು ಸರ್ವೆ ನಂಬರು. ಹೊಲವು ಮಾರಾಟವಾಗಬಹುದು, ಜೋಳ ಹೋಗಿ ಹತ್ತಿ ಬರಬಹುದು, ಹುಣಸೆಯ ಮರವೇ ಬಿದ್ದುಹೋಗಬಹುದು. ಇವಾವುದರಿಂದಲೂ ಸರ್ವೆ ನಂಬರು ಬದಲಾಗದು. ಅದರಲ್ಲಿ ಒಡೆಯನ ಹೆಸರಿಲ್ಲ, ಬೆಳೆಯ ಸುಳಿವಿಲ್ಲ. ಹೊಲದ ಗುಣವನ್ನು ಕುರಿತು ಏನನ್ನೂ ಹೇಳದಿರುವುದರಿಂದಲೇ ಅದು ಸುಳ್ಳಾಗುವ ಭಯವೂ ಇಲ್ಲ. ಯಂತ್ರಗಳ ಬಿಡಿಭಾಗಗಳಿಗೆ ಸಂಖ್ಯೆ ಕೊಡುವವರೂ ಇದೇ ನೀತಿಯನ್ನು ಅನುಸರಿಸಬೇಕೆಂಬುದು ನನ್ನ ವಾದ.

ಇದು ನಮ್ಮ ವಿದ್ಯಾರ್ಥಿಗಳಿಗೆ ದೂರದ ವಿಷಯವಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಶಾಲೆಗಳೂ ಇವೆ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಇಂತಹ ಉದ್ಯಮಗಳಲ್ಲಿ ಇಂದು ವಿನ್ಯಾಸವು ನಡೆಯುವುದು ಗಣಕಯಂತ್ರದ ತೆರೆಯ ಮೇಲೆ. ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ರೂಪಿಸಿ, ಅನಂತರ ಅವುಗಳನ್ನು ಕೂಡಿಸಿ ಇಡಿಯ ಯಂತ್ರವನ್ನು ಕಟ್ಟುವರು. ಪ್ರತಿಯೊಂದು ಭಾಗಕ್ಕೂ ಒಂದು ಸಂಖ್ಯೆ, ಒಂದು ವಿವರಣೆ ಇರಲೇಬೇಕು. ಏರ್‌ಬಸ್ ಸಂಸ್ಥೆಯ ಎ380 ವಿಮಾನದಲ್ಲಿ ಸುಮಾರು 40 ಲಕ್ಷ ಭಾಗಗಳಿದ್ದು, ಅವಕ್ಕೆ ಸುಮಾರು 25 ಲಕ್ಷ ಬೇರೆಬೇರೆ ಭಾಗಸಂಖ್ಯೆಗಳಿದ್ದುವು. ಸಂಖ್ಯೆಗಳಲ್ಲಿ ಗೊಂದಲವಾದರೆ ಗತಿಯೇನು?

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಸಂಖ್ಯೆಯಲ್ಲಿಯೇ ಅರ್ಥವನ್ನು ತುಂಬಬೇಕೆಂಬುದು ಮೊದಲನೆಯ ಪಕ್ಷ. ‘ಪಿ-ಸಿಐ-150-03’ ಎಂದರೆ ಪಂಪು, ಬೀಡುಕಬ್ಬಿಣ, 150 ಮಿಲಿಮೀಟರ್, ಮೂರನೆಯ ಭಾಗ. ನೋಡಲು ಸೊಗಸಾಗಿದೆ. ಆದರೆ ನಾಳೆ ಆ ಭಾಗವನ್ನು ಬೀಡಿನ ಬದಲು ಉಕ್ಕಿನಿಂದ ಮಾಡಿದರೆ? ಅದೇ ಭಾಗವು ಪಂಪಿಗಲ್ಲದೆ ಬೇರೊಂದು ಯಂತ್ರಕ್ಕೂ ಒದಗಿದರೆ? ಕೊನೆಯ ಎರಡು ಅಂಕಿಗಳು 99ನ್ನು ಮುಟ್ಟಿದ ಮೇಲೆ ನೂರನೆಯ ಭಾಗ ಬಂದರೆ?

ಅರ್ಥಗಳು ಹೇಗೆ ಹಳತಾಗುವುವೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲವು ಸಂಪಗಾಂವ ತಾಲ್ಲೂಕಿನ ಮುಖ್ಯ ಠಾಣೆಯಾಗಿತ್ತು. ಸವದತ್ತಿಯ ತಾಲ್ಲೂಕಿಗೆ ಪರಸಗಡವೆಂದು ಹೆಸರಿತ್ತು. ರಾಮದುರ್ಗವು 1948ರವರೆಗೆ ಒಂದು ಸಂಸ್ಥಾನವಾಗಿತ್ತು. ಈಚೆಗೆ ಕಿತ್ತೂರು ಬೈಲಹೊಂಗಲದಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಅಂದಿನ ಗುಮಾಸ್ತನೊಬ್ಬನು ಪ್ರತಿ ವಸ್ತುವಿನ ಸಂಖ್ಯೆಯಲ್ಲಿ ತಾಲ್ಲೂಕಿನ ಅಕ್ಷರವನ್ನು ಸೇರಿಸಿದ್ದನೆಂದು ಭಾವಿಸಿರಿ. ನಾಲ್ಕು ಊರುಗಳ ದಫ್ತರಗಳೂ ಇಂದು ತಪ್ಪು ಹೇಳುತ್ತಿದ್ದುವು. ವಸ್ತುಗಳು ಇದ್ದಲ್ಲಿಯೇ ಇವೆ. ಬದಲಾದುದು ವಿಂಗಡಣೆ ಮಾತ್ರ.

ಹಾಗಾದರೆ ಸಂಖ್ಯೆಯನ್ನೇ ತಿದ್ದಬಾರದೇಕೆ ಎಂದು ಕೇಳಬಹುದು. ಒಮ್ಮೆ ಹೊರಬಿದ್ದ ಸಂಖ್ಯೆಯು ನಕ್ಷೆಯಲ್ಲಿ, ಎರಕದ ಪಡಿಯಚ್ಚಿನಲ್ಲಿ, ಖರೀದಿಯ ಪತ್ರದಲ್ಲಿ, ರಿಪೇರಿಯವನ ಪುಸ್ತಕದಲ್ಲಿ ಬರೆದುಹೋಗಿರುತ್ತದೆ. ಅಲ್ಲದೆ, ವಿನ್ಯಾಸದ ಹಲವು ತಂತ್ರಾಂಶಗಳಲ್ಲಿ ಜೋಡಣೆಯ ಕಡತವು ಬಿಡಿಭಾಗಗಳನ್ನು ಅವುಗಳ ಕಡತದ ಹೆಸರಿನಿಂದಲೇ ಗುರುತಿಸುವುದು. ಯಾರಾದರೂ ಹೊರಗಿನಿಂದ ಆ ಹೆಸರನ್ನು ಬದಲಿಸಿದರೆ, ಮರುದಿನ ಜೋಡಣೆಯನ್ನು ತೆರೆದಾಗ ಭಾಗವು ಸಿಕ್ಕುವುದೇ ಇಲ್ಲ.

ಆದುದರಿಂದ ಸಂಖ್ಯೆಯು ಬರಿಯ ಅನುಕ್ರಮಸಂಖ್ಯೆಯಾಗಿರಲಿ: 100001, 100002, ಹೀಗೆ. ಮೊದಲ ಅಂಕಿ ಸೊನ್ನೆಯಾಗದಿರಲಿ. ಲೆಕ್ಕದ ತಂತ್ರಾಂಶಗಳು ಅದನ್ನು ನುಂಗಿಬಿಡುವುದುಂಟು. ಅರ್ಥದ ಭಾರವನ್ನೆಲ್ಲ ವಿವರಣೆಯು ಹೊರಲಿ. ಅದರಲ್ಲಿಯೂ ಒಂದು ಶಿಸ್ತು ಬೇಕು: ಮೊದಲು ವಸ್ತುವಿನ ಹೆಸರು, ಅನಂತರ ಜಾತಿ, ಅಳತೆ, ಲೋಹ. ‘ಬೋಲ್ಟ್, ಷಟ್ಕೋನ ತಲೆ, ಎಂ10 × 50, ದರ್ಜೆ 8.8’ ಎಂಬಂತೆ. ಒಬ್ಬನು ‘ಪ್ಲೇನ್ ವಾಷರ್’ ಎಂದೂ ಇನ್ನೊಬ್ಬನು ‘ವಾಷರ್ ಪ್ಲೇನ್’ ಎಂದೂ ಬರೆದರೆ, ಉಗ್ರಾಣದಲ್ಲಿ ಒಂದೇ ವಸ್ತು ಎರಡಾಗಿ ಕುಳಿತಿರುತ್ತದೆ.

ದರ್ಜೆಯ ಅಂಕಿಯು ಅಲಂಕಾರವಲ್ಲ. 8.8 ದರ್ಜೆಯ ಬೋಲ್ಟಿನ ಉಕ್ಕು ಚದರ ಮಿಲಿಮೀಟರಿಗೆ ಸುಮಾರು 640 ನ್ಯೂಟನ್ ಎಳೆತವನ್ನು ತಾಳಿಕೊಂಡು ಮತ್ತೆ ಮೊದಲಿನ ಉದ್ದಕ್ಕೆ ಮರಳುವುದು, 4.6 ದರ್ಜೆಯದಕ್ಕೆ ಈ ಮಿತಿ ಸುಮಾರು 240. ತೆರೆಯ ಮೇಲೆ ಎರಡರ ಆಕಾರವೂ ಒಂದೇ. ಕಣ್ಣು ಕಾಣಲಾರದ ಈ ಭೇದವನ್ನು ಹೇಳಬಲ್ಲುದು ವಿವರಣೆಯೊಂದೇ.

ಇನ್ನೊಂದು ನಿಯಮವುಂಟು. ಹೊಸ ಭಾಗವನ್ನು ಹಳೆಯದರ ಜಾಗದಲ್ಲಿ ನಿಶ್ಚಿಂತೆಯಿಂದ ಕೂಡಿಸಬಹುದಾದರೆ ಸಂಖ್ಯೆ ಅದೇ ಇರಲಿ, ಪರಿಷ್ಕರಣದ ಅಕ್ಷರ ಮಾತ್ರ ಬದಲಾಗಲಿ. ಕೂಡಿಸಲಾಗದಿದ್ದರೆ ಹೊಸ ಸಂಖ್ಯೆಯೇ ಬೇಕು. ಹೊಲವು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಒಂದೊಂದು ಪಾಲಿಗೂ ಬೇರೆ ಹಿಸ್ಸಾ ಅಂಕಿ ಬೀಳುವುದಿಲ್ಲವೆ? ಹಾಗೆಯೇ. ಈ ನಿಯಮವನ್ನು ಮುರಿದರೆ ನಷ್ಟವು ವಿನ್ಯಾಸಕನಿಗಲ್ಲ. ಬೇಸಗೆಯಲ್ಲಿ ಮಲಪ್ರಭೆಯ ದಂಡೆಯ ರೈತನೊಬ್ಬನ ಪಂಪು ನಿಂತುಹೋಗಿ, ಅವನು ಸಂಖ್ಯೆಯನ್ನು ಹೇಳಿ ದಂಡವೊಂದನ್ನು ತರಿಸಿದಾಗ, ಅದೇ ಸಂಖ್ಯೆಯ ಬೇರೆ ಅಳತೆಯ ದಂಡವು ಬಂದರೆ, ಒಣಗುವುದು ಅವನ ಬೆಳೆ.

ಅರ್ಥವುಳ್ಳ ಸಂಖ್ಯೆಯೇ ಕೂಡದೆಂದು ನಾನು ಹೇಳುವುದಿಲ್ಲ. 1972ರಲ್ಲಿ ಬಂದ ಪಿನ್‌ಕೋಡಿನಲ್ಲಿ ಅರ್ಥವಿದೆ, ಅದರಿಂದ ಉಪಕಾರವೂ ಆಗಿದೆ. ಆದರೆ ಅಂಚೆಯನ್ನು ವಿಂಗಡಿಸುವುದೇ ಅದರ ಕೆಲಸ. ಭಾಗಸಂಖ್ಯೆಯ ಕೆಲಸ ಗುರುತಿಸುವುದು. ಸಂಖ್ಯೆಯನ್ನು ಕಂಡೊಡನೆ ವಸ್ತುವು ಹೊಳೆಯಬೇಕೆಂದು ಉಗ್ರಾಣದವರು ಬಯಸುವುದು ಸಹಜವೇ. ಕಾಗದದ ದಫ್ತರಗಳ ಕಾಲದಲ್ಲಿ ಆ ಬಯಕೆಗೆ ಬಲವಾದ ಕಾರಣವಿತ್ತು. ಇಂದು ಗಣಕಯಂತ್ರವು ವಿವರಣೆಯ ಒಂದು ಪದದಿಂದಲೇ ಸಾವಿರ ವಸ್ತುಗಳಲ್ಲಿ ಬೇಕಾದುದನ್ನು ಕ್ಷಣದಲ್ಲಿ ಹುಡುಕಿಕೊಡಬಲ್ಲುದು. ಆ ಪದವು ಎಲ್ಲೆಡೆಯೂ ಒಂದೇ ಬಗೆಯಲ್ಲಿ ಬರೆದಿದ್ದರೆ ಮಾತ್ರ.

ನಮ್ಮ ತಾಂತ್ರಿಕ ಶಾಲೆಗಳಲ್ಲಿ ನಕ್ಷೆ ಬಿಡಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಅದಕ್ಕೆ ಹೆಸರಿಡುವುದನ್ನೂ ಕಲಿಸಬೇಕು. ವಿದ್ಯಾರ್ಥಿಗಳು ಪ್ರಯೋಗಾಲಯದ ಹತ್ತು ಸಾಮಾನುಗಳಿಗೆ ಸಂಖ್ಯೆ, ವಿವರಣೆಗಳನ್ನು ಬರೆದು, ಆ ಪಟ್ಟಿಯನ್ನು ಬೇರೊಬ್ಬರ ಕೈಗೆ ಕೊಡಲಿ. ಒಂದು ಪ್ರಶ್ನೆಯನ್ನೂ ಕೇಳದೆ ಆತನು ಹತ್ತನ್ನೂ ತಂದಿಟ್ಟರೆ ಪಟ್ಟಿಯು ಸರಿಯಾಗಿದೆಯೆಂದು ತಿಳಿಯಬಹುದು.