ಪಟ್ಟಿಯೊಳಗಿನ ಪಟ್ಟಿ: ಯಾವ ಮಗುವಿನ ಸರದಿ ಮೊದಲು?

ಸಹೋದರಿಯರೇ, ಕಂಪ್ಯೂಟರ್ ಕಲಿಯುವ ನಿಮ್ಮ ಮಕ್ಕಳಿಗೆ ಮೊಂಗೋಡಿಬಿಯಂತಹ ಡಾಟಾಬೇಸ್‌ನಲ್ಲಿ ಸಾಮಾನ್ಯವಾಗಿ ಒಂದು ಗೊಂದಲ ಎದುರಾಗುತ್ತದೆ. ಅದನ್ನು ಅರಿಯಲು ನಿಮ್ಮ ಮನೆಯ ತಾಯಿ ಕಾರ್ಡ್ ಸಾಕು.

ಮೈಸೂರು ಜಿಲ್ಲೆಯ ಹೆಮ್ಮಿಗೆಯಂತಹ ಊರಿನ ಆಶಾ ಕಾರ್ಯಕರ್ತೆಗಾಗಿ ಲಸಿಕೆಯ ಪಟ್ಟಿ ಮಾಡುತ್ತಿದ್ದೇವೆಂದುಕೊಳ್ಳಿ. ಪ್ರತಿ ಮಗುವಿಗೆ ಒಂದು ದಾಖಲೆ. ಅದರೊಳಗೆ ಲಸಿಕೆಗಳ ಸಾಲು: ಹುಟ್ಟಿದಾಗ ಬಿಸಿಜಿ, ನಂತರ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್.

ಇಲ್ಲಿ 'ಸಾರ್ಟ್' ಎಂದರೆ ಮಕ್ಕಳ ದಾಖಲೆಗಳಷ್ಟೇ ಹಿಂದುಮುಂದಾಗುತ್ತವೆ; ಒಳಗಿನ ಸಾಲು ಬರೆದಂತೆಯೇ ಉಳಿಯುತ್ತದೆ. ಲಸಿಕೆಯ ದಿನಾಂಕವನ್ನು ಆಧಾರವಾಗಿಟ್ಟು ಏರಿಕೆಯ ಕ್ರಮ ಕೇಳಿದರೆ, ಡಾಟಾಬೇಸ್ ಪ್ರತಿ ಸಾಲಿನ ಅತಿ ಹಳೆಯ ದಿನಾಂಕವನ್ನು ನೋಡುತ್ತದೆ. ಅದು ಆಗಲೇ ಹಾಕಿಸಿದ ಬಿಸಿಜಿಯ ದಿನವೂ ಆಗಿರಬಹುದು. ನಾಳೆ ಲಸಿಕೆ ಬೇಕಾದ ಮಗು ಪಟ್ಟಿಯ ಕೊನೆಗೆ ಹೋಗುವುದು ಹೀಗೆ. ಆದ್ದರಿಂದ ಮೊದಲು ಬಾಕಿ ಇರುವ ಲಸಿಕೆಗಳನ್ನು 'ಫಿಲ್ಟರ್'ನಿಂದ ಬೇರ್ಪಡಿಸಿ, ಅವುಗಳಲ್ಲಿ ಮೊದಲನೆಯ ದಿನಾಂಕ ಹಿಡಿದು ಮಕ್ಕಳನ್ನು ಜೋಡಿಸಬೇಕು.

ಒಳಗಿನ ಸಾಲನ್ನೇ ಜೋಡಿಸಲು 5.2ನೇ ಆವೃತ್ತಿಯಿಂದ 'ಸಾರ್ಟ್‌ಅರೇ' ಎಂಬ ಸೌಲಭ್ಯವಿದೆ. ಅದಕ್ಕೂ ಮೊದಲಿನ ದಾರಿ ಸ್ವಲ್ಪ ಸುತ್ತು: 'ಅನ್‌ವೈಂಡ್'ನಿಂದ ಸಾಲನ್ನು ಬಿಡಿಬಿಡಿಯಾಗಿಸಿ, ಜೋಡಿಸಿ, 'ಗ್ರೂಪ್'ನಿಂದ ಮತ್ತೆ ಕಟ್ಟುವುದು. ಇಲ್ಲೊಂದು ಅಪಾಯವಿದೆ. ಸಾಲು ಖಾಲಿಯಿರುವ ಮಗು 'ಅನ್‌ವೈಂಡ್' ಮಾಡಿದಾಗ ಪಟ್ಟಿಯಿಂದಲೇ ಮಾಯವಾಗುತ್ತದೆ. ಮೊನ್ನೆಯಷ್ಟೇ ನೋಂದಾಯಿಸಿ, ಇನ್ನೂ ಒಂದು ಲಸಿಕೆಯೂ ದಾಖಲಾಗದ ಹಸುಗೂಸೇ ಅದು! ಖಾಲಿ ಸಾಲನ್ನೂ ಉಳಿಸಿಕೊಳ್ಳುವಂತೆ ಆಜ್ಞೆಯಲ್ಲೇ ಹೇಳಬೇಕಾಗುತ್ತದೆ.

ಇನ್ನೊಂದು ಮಾತು. "6 ವಾರ", "10 ವಾರ", "14 ವಾರ" ಎಂದು ಅಕ್ಷರರೂಪದಲ್ಲಿ ತುಂಬಿದರೆ ಜೋಡಣೆ 10, 14, 6 ಎಂದಾಗುತ್ತದೆ. ಕಂಪ್ಯೂಟರ್ ಮೊದಲ ಅಕ್ಷರ ನೋಡಿ 1 ಸಣ್ಣದು, 6 ದೊಡ್ಡದು ಎನ್ನುತ್ತದೆ. ಸಂಖ್ಯೆಯನ್ನು ಸಂಖ್ಯೆಯಾಗಿ, ದಿನಾಂಕವನ್ನು ದಿನಾಂಕವಾಗಿಯೇ ತುಂಬಿಸಬೇಕು.

ಇಂಥ ಕೆಲಸಕ್ಕೆ ಕೈಹಾಕಿದ ಮಗಳಿಗೆ ಒಂದು ಅಭ್ಯಾಸ ಹೇಳಿಕೊಡಿ. ಬಾಕಿಯಿಲ್ಲದವರನ್ನು ಕೈಬಿಡುವ ಮುನ್ನ, ನೋಂದಾಯಿತ ಮಕ್ಕಳೆಷ್ಟು, ಪಟ್ಟಿಯಲ್ಲಿರುವವರೆಷ್ಟು ಎಂದು ಎಣಿಸಲಿ. ಎರಡೂ ಹೊಂದದಿದ್ದರೆ, ಎಲ್ಲೋ ಒಂದು ತೊಟ್ಟಿಲು ಲೆಕ್ಕದಿಂದ ಹೊರಗುಳಿದಿದೆ ಎಂದೇ ಅರ್ಥ.