ರಕ್ತವಾಂತಿಯೂ ಮನೆಯವರ ಸಂಕೋಚವೂ

ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಎರಡು ದಿನ ಡಾಂಬರಿನಂತಹ ಕಪ್ಪು ಮಲ ಹೋಗುತ್ತಿದ್ದರೂ ಮನೆಯವರು ಪಿತ್ತವೆಂದು ಸುಮ್ಮನಿದ್ದರು. ಒಳಗೆ ರಕ್ತ ಸೋರುತ್ತಿರುವುದರ ಗುರುತು ಅದೆಂಬುದನ್ನು ಬಂಧುಗಳು ನೆನಪಿಡಬೇಕು. ಮೂರನೆಯ ರಾತ್ರಿ ರಕ್ತವೇ ವಾಂತಿಯಾಯಿತು. ಆಗಲೂ ‘ಬೆಳಗಾಗಲಿ’ ಎಂದವರುಂಟು. ಕುಡಿತದ ರೋಗವೆಂದು ಜನ ಆಡಿಕೊಂಡಾರೆಂಬ ಅಂಜಿಕೆ! ಅವರು ಮದ್ಯ ಮುಟ್ಟಿದವರೇ ಅಲ್ಲ. ಹೆಪಟೈಟಿಸ್ ಬಿ, ಸಿ ಸೋಂಕುಗಳಿಂದಲೂ, ಸಕ್ಕರೆ ಕಾಯಿಲೆ ಬೊಜ್ಜುಗಳೊಡನೆ ಸೇರುವ ಕೊಬ್ಬಿನಿಂದಲೂ ಯಕೃತ್ತು ಗಡುಸಾಗುವುದುಂಟು.

ಕರುಳು, ಗುಲ್ಮಗಳ ರಕ್ತವನ್ನು ಯಕೃತ್ತಿಗೊಯ್ಯುವ ಪೋರ್ಟಲ್ ಅಭಿಧಮನಿಗೆ ಆ ಗಡಸುತನವೇ ಅಡ್ಡಿ. ಒಡ್ಡಿಗೆ ತಡೆದ ನೀರು ಕಿರುಗಾಲುವೆಗಳಿಗೆ ನುಗ್ಗುವಂತೆ ರಕ್ತವು ಅನ್ನನಾಳದ ಕೆಳತುದಿಯ ಹಾಗೂ ಜಠರದ ಸಣ್ಣ ನಾಳಗಳಿಗೆ ನುಗ್ಗಿ ಅವು ಉಬ್ಬುತ್ತವೆ, ಒಮ್ಮೆ ಒಡೆಯುತ್ತವೆ.

ಆಸ್ಪತ್ರೆಯಲ್ಲಿ ಮೊದಲು ಆ ಒತ್ತಡ ತಗ್ಗಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್, ಜೊತೆಗೆ ಸೋಂಕು ತಡೆಯುವ ಪ್ರತಿಜೈವಿಕ ಔಷಧ. ಬಳಿಕ 12 ಗಂಟೆಗಳೊಳಗೆ ಎಂಡೋಸ್ಕೋಪಿ ನಡೆಸಿ ಅನ್ನನಾಳದ ಉಬ್ಬುಗಳಿಗೆ ರಬ್ಬರಿನ ಪುಟ್ಟ ಬಳೆ ಬಿಗಿಯುವರು. ಜಠರದವುಗಳಿಗೆ ಅಂಟುದ್ರವ್ಯ ಚುಚ್ಚುವರು. ಅಂದು ನಾವು ‘ಇನ್ನೊಂದು ಬಾಟಲಿ ರಕ್ತ ಹಾಕಿ’ ಎಂದು ವೈದ್ಯರನ್ನು ಪೀಡಿಸಿದೆವು, ಅವರು ಒಪ್ಪಲಿಲ್ಲ. ಹೆಚ್ಚು ರಕ್ತ ಏರಿಸಿದರೆ ನಾಳದ ಒತ್ತಡವೂ ಏರುತ್ತದಂತೆ. 2013ರಲ್ಲಿ ಬಾರ್ಸಿಲೋನಾದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಪಡೆದವರೇ ಹೆಚ್ಚಾಗಿ ಬದುಕುಳಿದುದನ್ನು ನಾವು ಆಮೇಲೆ ತಿಳಿದೆವು.

ಹಿರಿಯರು ಉಳಿದರು. ಉಬ್ಬು ಪೂರ್ತಿ ಅಡಗುವವರೆಗೆ ಕೆಲವು ವಾರಗಳಿಗೊಮ್ಮೆ ಮತ್ತೆ ಬಳೆ ಬಿಗಿಸಿಕೊಂಡರು. ಕಾರ್ವೆಡಿಲಾಲ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸರು, ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟರು.